ಕುಲಾಂತರಿ ಹತ್ತಿ ಮತ್ತು ಗುಲಾಬಿ ಕಾಯಿಕೊರಕ: ಒಂದು ವಂಶವಾಹಿಯ ಚರಿತ್ರೆ

ತಳಿ ತಂತ್ರಜ್ಞಾನವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಕಡಿಮೆಯೇನಲ್ಲ. ಅದರ ಹೆಚ್ಚಿನ ಪಾಲು 'ವರವೋ ಶಾಪವೋ' ಎಂಬ ಪ್ರಶ್ನೆಯ ಸುತ್ತಲೇ ತಿರುಗಿದೆ. ಒಂದು ಕುಲದ ಜೀವಿಯ ವಂಶವಾಹಿಯನ್ನು ಮತ್ತೊಂದು ಕುಲದ ಜೀವಿಗೆ ಸೇರಿಸುವುದು ಸರಿಯೇ ಎಂಬ ಚರ್ಚೆಗೆ ದೊರೆತ ಅವಕಾಶ, ಹಾಗೆ ಸೇರಿಸಿದ ವಂಶವಾಹಿ ಹೊಲದಲ್ಲಿ ವರ್ಷದಿಂದ ವರ್ಷಕ್ಕೆ ಹೇಗೆ ನಡೆದುಕೊಳ್ಳುತ್ತದೆ ಎಂಬ ವಿಚಾರಕ್ಕೆ ದೊರೆತಿಲ್ಲ. ಬಿಟಿ ಹತ್ತಿ ನಮ್ಮ ನೆಲಕ್ಕೆ ಬಂದು ಎರಡು ದಶಕಗಳು ಕಳೆದಿವೆ. ಈಗ ಊಹೆಗಳನ್ನು ಬದಿಗಿರಿಸಿ ನಡೆದದ್ದನ್ನು ನೋಡಲು ಸಾಧ್ಯವಿದೆ. ಪ್ರಸ್ತುತ ಲೇಖನವು ಒಂದೇ ಒಂದು ವಂಶವಾಹಿಯನ್ನು ಅದರ ಮೂಲದಿಂದ ಹತ್ತಿಯ ಕಾಯಿಯವರೆಗೆ ಹಿಂಬಾಲಿಸುವ ಪ್ರಯತ್ನ. ಸೂಕ್ಷ್ಮಜೀವಿ, ಸಸ್ಯ, ಕೀಟ ಈ ಮೂರೂ ಅದರ ದಾರಿಯಲ್ಲಿ ಸಿಗುತ್ತವೆ.

ರೇಷ್ಮೆಹುಳುವಿನ ಸಾವು

1901ರಲ್ಲಿ ಜಪಾನಿನ ಶಿಗೆತಾನೆ ಇಶಿವಾತಾ ಎಂಬ ವಿಜ್ಞಾನಿ ರೇಷ್ಮೆಹುಳುಗಳ ಹಠಾತ್ ಸಾವಿಗೆ ಕಾರಣವನ್ನು ಹುಡುಕುತ್ತಿದ್ದರು. ಚೆನ್ನಾಗಿ ಸೊಪ್ಪು ಮೇಯುತ್ತಿದ್ದ ಹುಳುಗಳು ಇದ್ದಕ್ಕಿದ್ದಂತೆ ಮೇವು ಬಿಟ್ಟು ಕುಸಿದು ಸಾಯುತ್ತಿದ್ದವು. ಜಪಾನಿನ ಸಾಕಣೆದಾರರು ಇದನ್ನು 'ಸೊಟ್ಟೊ' ಎನ್ನುತ್ತಿದ್ದರು; ಹಠಾತ್ತನೆ ಕುಸಿಯುವುದು ಎಂದೇ ಅದರ ಅರ್ಥ. ಸತ್ತ ಹುಳುಗಳಿಂದ ಇಶಿವಾತಾ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಹತ್ತು ವರ್ಷಗಳ ಅನಂತರ, 1911ರಲ್ಲಿ, ಜರ್ಮನಿಯ ಅರ್ನ್‌ಸ್ಟ್ ಬರ್ಲಿನರ್ ತುರಿಂಜಿಯಾ ಪ್ರಾಂತದ ಹಿಟ್ಟಿನ ಗಿರಣಿಯಿಂದ ಬಂದ ಪತಂಗದ ಮರಿಹುಳುಗಳಲ್ಲಿ ಅದೇ ಬಗೆಯ ಬ್ಯಾಕ್ಟೀರಿಯಾವನ್ನು ಕಂಡರು. 1915ರಲ್ಲಿ ಅದಕ್ಕೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಹೆಸರಿಟ್ಟರು. ಬಿಟಿ ಎಂಬ ಎರಡಕ್ಷರ ಈ ಹೆಸರಿನ ಸಂಕ್ಷೇಪ. ಇಂದು ಬೀಜದ ಅಂಗಡಿಗಳಲ್ಲಿ ಈ ಅಕ್ಷರಗಳನ್ನು ಉಚ್ಚರಿಸುವವರಲ್ಲಿ ಬಹುಮಂದಿಗೆ ಅದು ಮಣ್ಣಿನಲ್ಲಿರುವ ಸಾಮಾನ್ಯ ಜೀವಾಣುವೊಂದರ ಹೆಸರೆಂಬುದು ತಿಳಿದಿಲ್ಲ.

ಈ ಬ್ಯಾಕ್ಟೀರಿಯಾ ಬೀಜಕಣವನ್ನು ರೂಪಿಸಿಕೊಳ್ಳುವಾಗ ಅದರ ಜೊತೆಗೇ ಪ್ರೊಟೀನಿನ ಒಂದು ಹರಳನ್ನೂ ಕಟ್ಟುತ್ತದೆ. ಕೊಲ್ಲುವುದು ಈ ಹರಳೇ ಎಂಬುದು 1950ರ ದಶಕದಲ್ಲಿ ಖಚಿತವಾಯಿತು. ಹರಳು ತನ್ನಷ್ಟಕ್ಕೆ ತಾನು ನಿರುಪದ್ರವಿ. ಮರಿಹುಳುವಿನ ನಡುಗರುಳಿನ ರಸ ತೀವ್ರ ಕ್ಷಾರೀಯವಾದುದರಿಂದ ಅಲ್ಲಿ ಅದು ಕರಗುತ್ತದೆ; ಕರುಳಿನ ಕಿಣ್ವಗಳು ಉದ್ದನೆಯ ಪ್ರೊಟೀನನ್ನು ಕತ್ತರಿಸಿ ಚುರುಕುಗೊಳಿಸುತ್ತವೆ; ಹಾಗೆ ಚುರುಕಾದ ತುಣುಕು ಕರುಳಿನ ಕೋಶಗಳ ಮೇಲಿರುವ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಕೋಶಗಳು ಉಬ್ಬಿ ಒಡೆಯುತ್ತವೆ. ಹುಳು ಮೇವು ನಿಲ್ಲಿಸಿ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಮನುಷ್ಯನ ಜಠರ ಆಮ್ಲೀಯವಾದುದು. ಆ ಗ್ರಾಹಕಗಳೂ ನಮ್ಮಲ್ಲಿಲ್ಲ. ಆದುದರಿಂದಲೇ ಬಿಟಿ ಬೀಜಕಣಗಳ ಪುಡಿಯನ್ನು ಫ್ರಾನ್ಸಿನಲ್ಲಿ 1938ರಷ್ಟು ಹಿಂದೆಯೇ ಕೀಟನಾಶಕವಾಗಿ ಮಾರಲು ಸಾಧ್ಯವಾಯಿತು. ರೇಷ್ಮೆ ಬೆಳೆಯುವ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಮಾತ್ರ ಈ ಪುಡಿಯ ವಿಚಾರದಲ್ಲಿ ಎಚ್ಚರ ಅಗತ್ಯ. ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಅದನ್ನು ಸಿಂಪಡಿಸಿದರೆ ಇಶಿವಾತಾ ಕಂಡದ್ದನ್ನೇ ನಾವೂ ಕಾಣಬೇಕಾಗುತ್ತದೆ.

ಸಿಂಪಡಿಸಿದ ಪುಡಿಗೆ ಎರಡು ಮಿತಿಗಳಿವೆ. ಬಿಸಿಲಿಗೆ ಅದು ಬೇಗ ಕೆಡುತ್ತದೆ. ಎಲೆಯ ಮೇಲೆ ಬಿದ್ದ ಪುಡಿ ಕಾಯಿಯ ಒಳಗಿರುವ ಹುಳುವನ್ನು ತಲುಪುವುದೂ ಇಲ್ಲ. ಎರಡನೆಯ ಮಿತಿಯೇ ಹತ್ತಿಯ ಮಟ್ಟಿಗೆ ನಿರ್ಣಾಯಕವಾದುದು.

ಬ್ಯಾಕ್ಟೀರಿಯಾದಿಂದ ಸಸ್ಯಕ್ಕೆ

ಹರಳಿನ ಪ್ರೊಟೀನಿಗೆ ಕಾರಣವಾದ ವಂಶವಾಹಿಯನ್ನು 1981ರಲ್ಲಿ ಅಮೆರಿಕದ ಶ್ನೆಫ್ ಮತ್ತು ವೈಟ್ಲಿ ಬೇರ್ಪಡಿಸಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರು. ಆ ಹೊತ್ತಿಗೆ ಸೂಕ್ಷ್ಮಜೀವಿಗಳಲ್ಲಿ ಇಂಥ ಕೆಲಸ ಅಪರಿಚಿತವಾಗಿರಲಿಲ್ಲ. 1973ರಲ್ಲಿ ಕೋಹೆನ್ ಮತ್ತು ಬಾಯರ್ ಡಿಎನ್‌ಎ ತುಣುಕುಗಳನ್ನು ಕತ್ತರಿಸಿ ಜೋಡಿಸಿ ಬ್ಯಾಕ್ಟೀರಿಯಾಕ್ಕೆ ಸೇರಿಸುವ ಕ್ರಮವನ್ನು ತೋರಿಸಿಕೊಟ್ಟಿದ್ದರು. ಬ್ಯಾಕ್ಟೀರಿಯಾದಿಂದ ತಯಾರಾದ ಮಾನವ ಇನ್ಸುಲಿನ್ 1982ರಲ್ಲಿ ಔಷಧವಾಗಿ ಅನುಮತಿ ಪಡೆಯಿತು. ಇನ್ಸುಲಿನ್ ತಯಾರಿಸುವ ಬ್ಯಾಕ್ಟೀರಿಯಾ ಉಕ್ಕಿನ ತೊಟ್ಟಿಯೊಳಗೆ ಬದುಕುತ್ತದೆ, ಬೆಳೆ ಬಯಲಿನಲ್ಲಿ. ಈ ವ್ಯತ್ಯಾಸದ ಮಹತ್ವ ಮುಂದೆ ಸ್ಪಷ್ಟವಾಗುತ್ತದೆ.

ಸಸ್ಯಕೋಶಕ್ಕೆ ಹೊರಗಿನ ಡಿಎನ್‌ಎ ಸೇರಿಸುವ ದಾರಿಯನ್ನು ಮನುಷ್ಯ ಕಲಿತದ್ದು ಮತ್ತೊಂದು ಬ್ಯಾಕ್ಟೀರಿಯಾದಿಂದ. ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಜೀವಾಣು ಗಿಡಗಳ ಬುಡದಲ್ಲಿ ಗಂಟುರೋಗವನ್ನು ಉಂಟುಮಾಡುತ್ತದೆ. ತನ್ನ ಪ್ಲಾಸ್ಮಿಡ್‌ನ ಒಂದು ಭಾಗವನ್ನು ಗಿಡದ ಕೋಶಕ್ಕೆ ದಾಟಿಸಿ, ಗಿಡದ ವರ್ಣತಂತುವಿನಲ್ಲಿಯೇ ಅದನ್ನು ನೆಲೆಗೊಳಿಸಿ, ಗಂಟು ಬೆಳೆಯುವಂತೆ ಮಾಡುವುದು ಅದರ ವಿಧಾನ. ಬೆಲ್ಜಿಯಂನ ಮೊಂಟಾಗೂ ಮತ್ತು ಶೆಲ್, ಅಮೆರಿಕದ ಮೇರಿ-ಡೆಲ್ ಚಿಲ್ಟನ್ ಮೊದಲಾದವರು 1970ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಗಂಟು ಬರಿಸುವ ವಂಶವಾಹಿಗಳನ್ನು ತೆಗೆದು ಆ ಜಾಗದಲ್ಲಿ ಬೇಕಾದುದನ್ನು ಇಟ್ಟರೆ ಜೀವಾಣು ಅದನ್ನೂ ಅಷ್ಟೇ ನಿಷ್ಠೆಯಿಂದ ದಾಟಿಸುತ್ತದೆ. ಕುಲದಿಂದ ಕುಲಕ್ಕೆ ವಂಶವಾಹಿ ದಾಟುವುದು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ ಎಂಬ ವಾದ ಇಲ್ಲಿಗೆ ನಿಲ್ಲುವುದಿಲ್ಲ. ಹಾಗೆಂದು ಪ್ರಕೃತಿಯಲ್ಲಿ ಇರುವುದೆಲ್ಲ ಕೃಷಿಗೆ ಹಿತವೆಂಬ ವಾದವೂ ನಿಲ್ಲದು. ಗಂಟುರೋಗ ಬಂದ ಗಿಡವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1987ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಬಿಟಿ ವಂಶವಾಹಿ ಹೊತ್ತ ತಂಬಾಕಿನ ಗಿಡ ಸಿದ್ಧವಾಯಿತು. ಬ್ಯಾಕ್ಟೀರಿಯಾದ ಬರವಣಿಗೆಯನ್ನು ಗಿಡ ಸರಾಗವಾಗಿ ಓದದೆ ಹೋದುದರಿಂದ ಪ್ರೊಟೀನು ತೀರ ಅಲ್ಪ ಪ್ರಮಾಣದಲ್ಲಿ ತಯಾರಾಗುತ್ತಿತ್ತು. ಪ್ರೊಟೀನನ್ನು ಬದಲಿಸದೆ, ಡಿಎನ್‌ಎ ಅಕ್ಷರಗಳನ್ನು ಮಾತ್ರ ಸಸ್ಯದ ರೂಢಿಗೆ ತಕ್ಕಂತೆ ತಿದ್ದಿ ಬರೆದ ಮೇಲೆ ಈ ಕೊರತೆ ನೀಗಿತು. ಹತ್ತಿಯಲ್ಲಿ ಇನ್ನೊಂದು ತೊಡಕಿತ್ತು. ಕೋಶದಿಂದ ಇಡೀ ಗಿಡವನ್ನು ಮರಳಿ ಬೆಳೆಸಲು ಚೆನ್ನಾಗಿ ಒಗ್ಗುವ ತಳಿಗಳು ವಿರಳ. ಕೋಕರ್-312 ಎಂಬ ಅಮೆರಿಕದ ತಳಿಗೆ ಕ್ರೈ-1ಎಸಿ ವಂಶವಾಹಿಯನ್ನು ಸೇರಿಸಿ, ಆ ಗಿಡವನ್ನು ಬೇರೆ ತಳಿಗಳೊಡನೆ ಹಲವು ತಲೆಮಾರು ಸಂಕರಿಸಿ ಗುಣವನ್ನು ವರ್ಗಾಯಿಸಲಾಯಿತು. 1996ರಲ್ಲಿ ಅಮೆರಿಕದ ರೈತರು ಬಿತ್ತಿದ್ದೂ, ಆರು ವರ್ಷಗಳ ಬಳಿಕ ನಮ್ಮ ರೈತರು ಬಿತ್ತಿದ್ದೂ ಇದೇ ಮೂಲದ ವಂಶವಾಹಿಯನ್ನು.

ನಮ್ಮ ಹೊಲಗಳಿಗೆ

ಬಿಟಿ ಹತ್ತಿ ಕರ್ನಾಟಕದಲ್ಲಿ ಶಾಂತವಾಗಿ ಕಾಲಿಡಲಿಲ್ಲ. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯಲ್ಲಿ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟಿತು. 2002ರ ಮಾರ್ಚ್ 26ರಂದು ಕೇಂದ್ರದ ಅನುಮೋದನಾ ಸಮಿತಿ ಮೂರು ಬಿಟಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ನೀಡಿತು. ಕರ್ನಾಟಕವೂ ಅವುಗಳನ್ನು ಬೆಳೆಯಬಹುದಾದ ರಾಜ್ಯಗಳಲ್ಲಿ ಒಂದಾಗಿತ್ತು. 2006ರಲ್ಲಿ ಕ್ರೈ-1ಎಸಿ ಜೊತೆಗೆ ಕ್ರೈ-2ಎಬಿ ಎಂಬ ಎರಡನೆಯ ವಂಶವಾಹಿಯೂ ಇರುವ ಬೋಲ್‌ಗಾರ್ಡ್-2 ಬಂದಿತು. 2011ರ ವೇಳೆಗೆ ದೇಶದ ಹತ್ತಿಯ ಕ್ಷೇತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಿಟಿಯದೇ ಆಗಿತ್ತು. ಸುಟ್ಟವರೂ ಬಿತ್ತಿದವರೂ ಇಬ್ಬರೂ ರೈತರೇ. ಒಂದು ಪಕ್ಷವನ್ನು ಅಜ್ಞಾನಿಗಳೆಂದು ಕರೆದು ಮುಗಿಸುವ ಬರವಣಿಗೆ ಈ ವಿಷಯದಲ್ಲಿ ಸಾಕಷ್ಟಿದೆ. ಅದರಿಂದ ತಿಳಿವಳಿಕೆ ಬೆಳೆದಿಲ್ಲ.

ಹತ್ತಿ ಸಲಹಾ ಮಂಡಳಿಯ ಲೆಕ್ಕದಂತೆ 2002-03ರಲ್ಲಿ ದೇಶದ ಉತ್ಪನ್ನ 136 ಲಕ್ಷ ಬೇಲು, ಹೆಕ್ಟೇರಿಗೆ 302 ಕಿಲೋ ಅರಳೆ. 2007-08ರಲ್ಲಿ ಅದು 307 ಲಕ್ಷ ಬೇಲಿಗೂ ಹೆಕ್ಟೇರಿಗೆ 554 ಕಿಲೋಗೂ ಏರಿತು. ಈ ಏರಿಕೆಯನ್ನು ಪೂರ್ತಿಯಾಗಿ ಬಿಟಿಯ ಖಾತೆಗೆ ಬರೆದವರಿದ್ದಾರೆ. ಕೇಶವ ಕ್ರಾಂತಿ ಮತ್ತು ಗ್ಲೆನ್ ಸ್ಟೋನ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆ, ಬಿಟಿ ವ್ಯಾಪಕವಾಗಿ ಹರಡುವ ಮೊದಲೇ ಇಳುವರಿ ಏರತೊಡಗಿದುದನ್ನೂ, ಹೊಸ ಕೀಟನಾಶಕಗಳು, ಹೆಚ್ಚಿದ ಗೊಬ್ಬರ ಮತ್ತು ನೀರಾವರಿಯ ಪಾತ್ರವನ್ನೂ ಎತ್ತಿ ತೋರಿಸಿತು. ನನ್ನ ಅಭಿಪ್ರಾಯದಲ್ಲಿ ಸತ್ಯ ಈ ಎರಡರ ನಡುವೆ ಇದೆ. ಕಾಯಿಕೊರಕಗಳಿಗಾಗಿ ಸಿಂಪಡಿಸುತ್ತಿದ್ದ ವಿಷ ಆರಂಭದ ವರ್ಷಗಳಲ್ಲಿ ಇಳಿದದ್ದು ನಿಜ. ಆದರೆ ಜಿಗಿಹುಳು, ಸಸ್ಯಹೇನು, ಬಿಳಿನೊಣಗಳಂಥ ರಸಹೀರುವ ಕೀಟಗಳ ಮೇಲೆ ಈ ಪ್ರೊಟೀನಿಗೆ ಯಾವ ಅಧಿಕಾರವೂ ಇಲ್ಲ. ಅವುಗಳಿಗಾಗಿ ಸಿಂಪಡಣೆ ಮತ್ತೆ ಏರಿತು.

ಗುಲಾಬಿ ಕಾಯಿಕೊರಕ

ಬಿಟಿ ಹತ್ತಿಯ ಮೊದಲ ಗುರಿ ಹಸಿರು ಕಾಯಿಕೊರಕ. ತೊಗರಿ, ಕಡಲೆ, ಟೊಮೆಟೊ ಎಲ್ಲವನ್ನೂ ತಿನ್ನುವ ಹುಳು ಅದು. ಗುಲಾಬಿ ಕಾಯಿಕೊರಕ ಬೇರೆ ಸ್ವಭಾವದ್ದು. 1843ರಲ್ಲಿ ಸಾಂಡರ್ಸ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಗುಜರಾತಿನ ಭರೂಚಿನಿಂದ ಬಂದ ಮಾದರಿಗಳ ಆಧಾರದ ಮೇಲೆ. ಅದು ಬಹುತೇಕ ಹತ್ತಿಯನ್ನೇ ನಂಬಿ ಬದುಕುತ್ತದೆ. ಪತಂಗ ಎಳೆಗಾಯಿಯ ಬಳಿ ಮೊಟ್ಟೆಯಿಡುತ್ತದೆ. ಮರಿ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಕಾಯಿಯ ಒಳಸೇರುತ್ತದೆ. ಒಳಸೇರಿದ ತೂತು ಮುಚ್ಚಿಹೋಗುತ್ತದೆ. ಮೇಲೆ ಕಾಯಿ ಸುಂದರವಾಗಿಯೇ ಇರುತ್ತದೆ. ಒಳಗೆ ಹುಳು ಬೀಜದಿಂದ ಬೀಜಕ್ಕೆ ಸಾಗುತ್ತ ಅರಳೆಯನ್ನು ಕೆಡಿಸುತ್ತದೆ. ಸಿಂಪಡಿಸಿದ ಯಾವ ವಿಷವೂ ಅದನ್ನು ಮುಟ್ಟುವುದಿಲ್ಲ. ಗಿಡವೇ ವಿಷವನ್ನು ತಯಾರಿಸುವ ವ್ಯವಸ್ಥೆ ಅರ್ಥಪೂರ್ಣವಾಗುವುದು ನಿಖರವಾಗಿ ಇಂಥ ಹುಳುವಿನ ವಿಷಯದಲ್ಲಿ. ಮೊದಲ ವರ್ಷಗಳಲ್ಲಿ ಅದು ಹೊಲಗಳಿಂದ ಬಹುಮಟ್ಟಿಗೆ ಮಾಯವಾಯಿತು.

ಇಲ್ಲಿ ಆಶ್ರಯ ಬೆಳೆಯ ಲೆಕ್ಕವನ್ನು ತುಸು ವಿವರವಾಗಿ ನೋಡಬೇಕು. ವಿಷವನ್ನು ಸಹಿಸುವ ವಂಶವಾಹಿ ರೂಪ ಹುಳುಗಳ ಸಮುದಾಯದಲ್ಲಿ ಸಾವಿರಕ್ಕೆ ಒಂದರಷ್ಟಿದೆ ಎಂದು ಲೆಕ್ಕಕ್ಕಾಗಿ ಭಾವಿಸೋಣ. ಅದು ಅಪ್ರಬಲ ಗುಣ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ಅಂಥ ಹುಳು ಹತ್ತು ಲಕ್ಷಕ್ಕೆ ಒಂದು. ಬಿಟಿ ಹೊಲದಲ್ಲಿ ಬದುಕಿ ಹೊರಬಂದ ಆ ಒಂದು ಪತಂಗಕ್ಕೆ ಜೊತೆ ಯಾವುದು? ಪಕ್ಕದಲ್ಲಿ ಬಿಟಿಯಲ್ಲದ ಹತ್ತಿಯ ಸಾಲುಗಳಿದ್ದರೆ ಅಲ್ಲಿಂದ ಸಾವಿರಾರು ಸಾಮಾನ್ಯ ಪತಂಗಗಳು ಹಾರಿಬಂದಿರುತ್ತವೆ. ಜೊತೆ ಅವುಗಳಲ್ಲೊಂದೇ ಆಗುವ ಸಂಭವ ಅಪಾರ. ಹುಟ್ಟುವ ಮರಿಗಳು ಸಹಿಷ್ಣುತೆಯನ್ನು ಒಂದೇ ಕಡೆಯಿಂದ ಪಡೆದವು. ಗಿಡದಲ್ಲಿ ವಿಷದ ಪ್ರಮಾಣ ಸಾಕಷ್ಟಿದ್ದರೆ ಅವು ಸಾಯುತ್ತವೆ. ಆ ಸಾಲುಗಳಿಲ್ಲದಿದ್ದರೆ ಬದುಕುಳಿದ ಪತಂಗಗಳಿಗೆ ಬದುಕುಳಿದವೇ ಜೊತೆ. ಕೆಲವೇ ತಲೆಮಾರುಗಳಲ್ಲಿ ಇಡೀ ಸಮುದಾಯ ಸಹಿಷ್ಣುವಾಗುತ್ತದೆ. ಗುಲಾಬಿ ಕಾಯಿಕೊರಕಕ್ಕೆ ವರ್ಷವೊಂದರಲ್ಲೇ ಹಲವು ತಲೆಮಾರುಗಳು ಕಳೆಯುತ್ತವೆ ಎಂಬುದನ್ನು ನೆನಪಿಡಬೇಕು.

ಈ ವಿಚಾರ ನಮ್ಮ ನಿಯಂತ್ರಕರಿಗೆ ತಿಳಿಯದ್ದೇನಲ್ಲ. ಹೊಲದ ಶೇಕಡ 20ರಷ್ಟು ಭಾಗದಲ್ಲಿ ಅಥವಾ ಸುತ್ತಲೂ ಐದು ಸಾಲುಗಳಲ್ಲಿ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ, ಬಿಟಿಯಲ್ಲದ ಹತ್ತಿಯನ್ನು ಬೆಳೆಯಬೇಕೆಂಬ ನಿಯಮ ಆರಂಭದಿಂದಲೇ ಇತ್ತು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಸಾಮಾನ್ಯ ಬೀಜದ ಚಿಕ್ಕ ಪೊಟ್ಟಣವನ್ನೂ ಕೊಡಲಾಗುತ್ತಿತ್ತು. ಆ ಪೊಟ್ಟಣ ಹೆಚ್ಚಿನ ಕಡೆ ನೆಲ ಸೇರಲಿಲ್ಲ. ಎರಡು ಮೂರು ಎಕರೆ ಎರೆ ಭೂಮಿಯ ಒಡೆಯನಿಗೆ ಹುಳುವಿಗೆಂದೇ ಸಾಲು ಬಿಡು ಎಂದರೆ ನಷ್ಟ ಅವನೊಬ್ಬನದು, ಲಾಭ ಊರೆಲ್ಲರದು. ಅಂಥ ನಷ್ಟವನ್ನು ಅವನಿಗೆ ತುಂಬಿಕೊಡುವ ಏರ್ಪಾಡು ಯಾರಲ್ಲಿಯೂ ಇರಲಿಲ್ಲ. ರೈತರು ನಿಯಮ ಪಾಲಿಸಲಿಲ್ಲ ಎಂದು ಬರೆದು ಮುಗಿಸುವುದು ಸುಲಭ. ಪಾಲಿಸಲಾಗದ ನಿಯಮವನ್ನು ರಚಿಸಿದವರ ಹೊಣೆಯನ್ನು ಕುರಿತು ಬರೆಯುವವರು ಕಡಿಮೆ. ಸಾಮಾನ್ಯ ಬೀಜವನ್ನು ಬಿಟಿ ಬೀಜದೊಡನೆಯೇ ಬೆರೆಸಿ ಒಂದೇ ಚೀಲದಲ್ಲಿ ಕೊಡುವ ಕ್ರಮ ಬಂದದ್ದು ಬಹಳ ತಡವಾಗಿ, ಹುಳು ಸಹಿಷ್ಣುವಾದ ಮೇಲೆ.

ಆಶ್ರಯ ಬೆಳೆಯಾಗಿ ತೊಗರಿಯನ್ನು ಬಿತ್ತಬಹುದೆಂಬ ಸಲಹೆಯೂ ಇತ್ತು. ಹಸಿರು ಕಾಯಿಕೊರಕದ ಮಟ್ಟಿಗೆ ಅದು ಸರಿಯಾದ ಸಲಹೆ. ಕಲಬುರಗಿ ಸೀಮೆಯ ವಿಶಾಲವಾದ ತೊಗರಿ ಹೊಲಗಳು ಆ ಹುಳುವಿಗೆ ತಾವಾಗಿಯೇ ಆಶ್ರಯ ಬೆಳೆಗಳಾಗಿವೆ. ಹತ್ತಿಯ ಹೊರಗೆ ಆಹಾರ ಹೇರಳವಾಗಿರುವುದೇ ಹಸಿರು ಕಾಯಿಕೊರಕ ಇಂದಿಗೂ ಬಹುಮಟ್ಟಿಗೆ ಬಿಟಿಗೆ ಬಗ್ಗಲು ಒಂದು ಮುಖ್ಯ ಕಾರಣ. ಆದರೆ ಗುಲಾಬಿ ಕಾಯಿಕೊರಕ ತೊಗರಿಯನ್ನು ತಿನ್ನುವುದಿಲ್ಲ. ಅದಕ್ಕೆ ತೊಗರಿಯ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

2009ರ ಹಂಗಾಮಿನಲ್ಲಿ ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳ ಹುಳುಗಳು ಕ್ರೈ-1ಎಸಿಯನ್ನು ಸಹಿಸುವುದು ಕಂಡುಬಂದು, 2010ರಲ್ಲಿ ಕಂಪನಿಯೇ ಅದನ್ನು ಪ್ರಕಟಪಡಿಸಿತು. ಎರಡು ವಂಶವಾಹಿಗಳ ಬೋಲ್‌ಗಾರ್ಡ್-2 ಇದಕ್ಕೆ ಉತ್ತರವೆಂದು ಹೇಳಲಾಯಿತು. ಎರಡು ಬೀಗಗಳ ಪೆಟ್ಟಿಗೆಯನ್ನು ಒಡೆಯುವುದು ಕಷ್ಟ ಎಂಬುದು ಅದರ ಹಿಂದಿನ ತರ್ಕ. ಆದರೆ ಹುಳು ಒಂದು ಬೀಗದ ಕೈಯನ್ನು ಆಗಲೇ ಗಳಿಸಿತ್ತು. ಹೊಸ ತಳಿ ಅದರ ಪಾಲಿಗೆ ಒಂಟಿ ಬೀಗದ ಪೆಟ್ಟಿಗೆಯೇ ಆಯಿತು. 2015ರಲ್ಲಿ ಗುಜರಾತಿನಲ್ಲಿ, 2017ರಲ್ಲಿ ಮಹಾರಾಷ್ಟ್ರದಲ್ಲಿ ಭಾರೀ ಹಾನಿಯಾಯಿತು; ನಮ್ಮ ರಾಯಚೂರು ಸೀಮೆಯ ಹೊಲಗಳಲ್ಲಿಯೂ ಹುಳು ಮರಳಿ ಕಾಣಿಸಿತು. ಕರುಳಿನ ಕ್ಯಾಡ್‌ಹೆರಿನ್ ಎಂಬ ಗ್ರಾಹಕದಲ್ಲಿ ಆದ ಬದಲಾವಣೆಗಳಿಂದ ಮೊದಲ ವಿಷಕ್ಕೂ, ಎಬಿಸಿಎ-2 ಎಂಬ ಇನ್ನೊಂದು ಪ್ರೊಟೀನಿನ ಬದಲಾವಣೆಗಳಿಂದ ಎರಡನೆಯ ವಿಷಕ್ಕೂ ಹುಳು ಅತೀತವಾಗಿದೆಯೆಂದು ಭಾರತದ ಮಾದರಿಗಳ ಪರೀಕ್ಷೆಗಳು ತೋರಿಸಿವೆ.

ಅಮೆರಿಕದ ಅರಿಜೋನಾದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಅದೇ ಹುಳು, ಅದೇ ವಂಶವಾಹಿ. ಕ್ಯಾಡ್‌ಹೆರಿನ್ ಬದಲಾದ ಹುಳುಗಳು ಅಲ್ಲಿಯೂ ಆರಂಭದಲ್ಲೇ ಪತ್ತೆಯಾಗಿದ್ದವು. ಆದರೆ 1996ರಿಂದ ಒಂದು ದಶಕ ಆಶ್ರಯ ಬೆಳೆಯನ್ನು ಶ್ರದ್ಧೆಯಿಂದ ಪಾಲಿಸಲಾಯಿತು. 2006ರಿಂದ ವಿಕಿರಣದಿಂದ ಬಂಜೆಯಾಗಿಸಿದ ಪತಂಗಗಳನ್ನು ಆಕಾಶದಿಂದ ಹೊಲಗಳ ಮೇಲೆ ಬಿಡಲಾಯಿತು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ, ಹತ್ತಿ ಬೆಳೆಯುವ ತನ್ನ ಪ್ರದೇಶಗಳಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಘೋಷಿಸಿತು. ಒಂದೇ ವಂಶವಾಹಿ ಒಂದು ದೇಶದಲ್ಲಿ ಹುಳುವನ್ನು ಅಳಿಸಲು ನೆರವಾಯಿತು, ಇನ್ನೊಂದರಲ್ಲಿ ಹುಳುವಿನ ಎದುರು ಸೋತಿತು. ಆದುದರಿಂದ ಸೋಲಿನ ಕಾರಣವನ್ನು ವಂಶವಾಹಿಯೊಳಗೆ ಹುಡುಕುವುದು ವ್ಯರ್ಥ. ಅದನ್ನು ಯಾವ ಬಗೆಯ ಬೀಜದಲ್ಲಿಟ್ಟು, ಯಾವ ಏರ್ಪಾಡಿನೊಳಗೆ ಬಿತ್ತಿದೆವು ಎಂಬಲ್ಲಿ ಹುಡುಕಬೇಕು.

ಹೈಬ್ರಿಡ್ ಎಂಬ ಹೆಮ್ಮೆ, ಹೈಬ್ರಿಡ್ ಎಂಬ ತೊಡಕು

ಬೀಜದ ಬಗೆ ಎಂದಾಗ ನಮ್ಮದೇ ಇತಿಹಾಸದ ಒಂದು ಪುಟ ಎದುರಾಗುತ್ತದೆ. ಹತ್ತಿಯಲ್ಲಿ ಹೈಬ್ರಿಡ್ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ದೇಶ ಭಾರತ. 1970ರಲ್ಲಿ ಸೂರತ್ತಿನಲ್ಲಿ ಸಿ.ಟಿ. ಪಟೇಲರು ಹೈಬ್ರಿಡ್-4ನ್ನು, 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ಎರಡು ಪ್ರಭೇದಗಳ ನಡುವಣ ಸಂಕರವಾದ ವರಲಕ್ಷ್ಮಿಯನ್ನು ಬಿಡುಗಡೆ ಮಾಡಿದರು. ಉದ್ದ ಎಳೆಯ ಹತ್ತಿಗಾಗಿ ಹೊರದೇಶಗಳತ್ತ ನೋಡುತ್ತಿದ್ದ ಕಾಲದಲ್ಲಿ ವರಲಕ್ಷ್ಮಿ ಉತ್ತರ ಕರ್ನಾಟಕದ ರೈತನ ಕೈಗೆ ಹಣ ತಂದಿತು. ಆ ಸಾಧನೆಯ ಬಗೆಗೆ ಹೆಮ್ಮೆಪಡಲು ಕಾರಣಗಳಿವೆ.

ಅದೇ ಹೈಬ್ರಿಡ್ ಪದ್ಧತಿ ಬಿಟಿಯೊಡನೆ ಕೂಡಿದಾಗ ಎರಡು ತೊಡಕುಗಳು ಹುಟ್ಟಿದವು. ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾದುದರಿಂದ ಕಂಪನಿಗಳಿಗೆ ಅದು ಅನುಕೂಲವಾಗಿತ್ತು. ಬಿಟಿಯನ್ನು ಬಹುಪಾಲು ಹೈಬ್ರಿಡ್‌ಗಳಲ್ಲೇ ಕೊಟ್ಟದ್ದಕ್ಕೆ ಇದೊಂದು ಕಾರಣ. 2006ರಲ್ಲಿ ಆಂಧ್ರಪ್ರದೇಶ ಸರಕಾರ ಪೊಟ್ಟಣದ ಬೆಲೆಯನ್ನು 750 ರೂಪಾಯಿಗೆ ಇಳಿಸುವವರೆಗೆ ಅದು ಅದರ ಇಮ್ಮಡಿಯಷ್ಟಿತ್ತು. ದುಬಾರಿ ಬೀಜವನ್ನು ದೂರದೂರ ಊರಿ ಗಿಡವನ್ನು ದೀರ್ಘಕಾಲ ಬೆಳೆಸುವುದು ರೂಢಿಯಾಯಿತು. ಡಿಸೆಂಬರ್ ದಾಟಿ ಫೆಬ್ರವರಿ, ಮಾರ್ಚಿಯವರೆಗೂ ಹೊಲದಲ್ಲಿ ಕಾಯಿಯಿದ್ದರೆ ಗುಲಾಬಿ ಕಾಯಿಕೊರಕಕ್ಕೆ ಹಸಿವಿನ ದಿನಗಳೇ ಬರುವುದಿಲ್ಲ.

ಎರಡನೆಯ ತೊಡಕು ಮೆಂಡೆಲನ ಲೆಕ್ಕದ್ದು. ಹೈಬ್ರಿಡ್ ಗಿಡದಲ್ಲಿ ಬಿಟಿ ವಂಶವಾಹಿ ಒಂದು ಕಡೆಯ ಪೋಷಕದಿಂದ ಮಾತ್ರ ಬಂದಿದ್ದರೆ, ಆ ಗಿಡದ ಕಾಯಿಯೊಳಗಿನ ಬೀಜಗಳಲ್ಲಿ ಗುಣ ಒಡೆದುಹೋಗುತ್ತದೆ. ಎರಡು ವಂಶವಾಹಿಗಳು ಬೇರೆ ಬೇರೆ ನೆಲೆಗಳಲ್ಲಿದ್ದಾಗ ಹದಿನಾರು ಬೀಜಗಳಲ್ಲಿ ಸರಾಸರಿ ಒಂಬತ್ತರಲ್ಲಿ ಎರಡೂ ವಿಷಗಳು, ಮೂರು ಮೂರರಲ್ಲಿ ಒಂದೊಂದೇ ವಿಷ, ಒಂದರಲ್ಲಿ ಯಾವುದೂ ಇಲ್ಲ. ಬೀಜದಿಂದ ಬೀಜಕ್ಕೆ ಸಾಗುವ ಹುಳುವಿಗೆ ಇದು ಅಲ್ಪ ಅಲ್ಪ ಪ್ರಮಾಣದ ವಿಷಾಭ್ಯಾಸವಾಗುತ್ತದೆ ಎಂಬುದು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕ್ರಾಂತಿಯವರ ವಾದ. ಅಮೆರಿಕದಲ್ಲಿ ಬೆಳೆಯುವುದು ಹೈಬ್ರಿಡ್‌ಗಳನ್ನಲ್ಲ, ನೇರ ತಳಿಗಳನ್ನು. ಅಲ್ಲಿ ಈ ಒಡಕು ಇಲ್ಲ.

ಚೀನಾದ ಅನುಭವ ಈ ವಾದಕ್ಕೆ ಸರಳವಾಗಿ ಹೊಂದುವುದಿಲ್ಲ. ಯಾಂಗ್‌ಟ್ಸೆ ಕಣಿವೆಯ ರೈತರು ಹೈಬ್ರಿಡ್‌ನ ಎರಡನೆಯ ತಲೆಮಾರಿನ ಬೀಜವನ್ನೇ ಬಿತ್ತತೊಡಗಿದಾಗ ಹೊಲದ ಗಿಡಗಳಲ್ಲಿ ಕಾಲು ಭಾಗ ಬಿಟಿಯಿಲ್ಲದವಾದವು. ಯಾರೂ ಯೋಜಿಸದ ಆಶ್ರಯ ಬೆಳೆ ಅದು. ಅಲ್ಲಿ ತಲೆಯೆತ್ತುತ್ತಿದ್ದ ಸಹಿಷ್ಣುತೆ ಹಿಮ್ಮೆಟ್ಟಿತೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಗಿಡಗಳ ಮಟ್ಟದಲ್ಲಿ ಬೆರಕೆಯಾದರೆ ಇಡೀ ಗಿಡವೊಂದು ಸಾಮಾನ್ಯ ಹುಳುಗಳನ್ನು ಸಾಕುತ್ತದೆ. ಒಂದೇ ಕಾಯಿಯೊಳಗೆ ಬೆರಕೆಯಾದರೆ ಒಂದೇ ಹುಳು ಎರಡನ್ನೂ ತಿನ್ನುತ್ತದೆ. ವ್ಯತ್ಯಾಸಕ್ಕೆ ಇದು ವಿವರಣೆಯಾಗಬಹುದು. ಆದರೂ ಎರಡನೆಯ ತಲೆಮಾರಿನ ಗಿಡದ ಕಾಯಿಗಳಲ್ಲಿಯೂ ಒಡಕು ಇರುವುದರಿಂದ ಈ ಚರ್ಚೆ ಮುಗಿದಿದೆಯೆಂದು ನಾನು ಭಾವಿಸುವುದಿಲ್ಲ.

ರೈತ ತಾನೇ ಬೀಜ ಇಟ್ಟುಕೊಳ್ಳಬಹುದಾದ ಬಿಟಿ ನೇರ ತಳಿಯೊಂದನ್ನು ಸಾರ್ವಜನಿಕ ಸಂಸ್ಥೆಗಳು ರೂಪಿಸಿದ್ದೂ ಉಂಟು. ನಾಗಪುರದ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಪಾಲುಗೊಂಡ ಬಿಕಾನೇರಿ ನರ್ಮ ಬಿಟಿ 2008ರಲ್ಲಿ ಅನುಮೋದನೆ ಪಡೆಯಿತು. ಖಾಸಗಿ ಕಂಪನಿಯ ವಂಶವಾಹಿ ಜೋಡಣೆ ಅದರ ಬೀಜದಲ್ಲಿ ಬೆರೆತಿರುವುದು ಕಂಡುಬಂದು ಅದು ಬೇಗನೆ ಮಾರುಕಟ್ಟೆಯಿಂದ ಮರೆಯಾಯಿತು; 2012ರಲ್ಲಿ ವಿಚಾರಣಾ ಸಮಿತಿ ಈ ಬೆರಕೆಯನ್ನು ದೃಢಪಡಿಸಿತು. ಆ ತಳಿ ನಿಂತಿದ್ದರೆ ಬೀಜದ ಬೆಲೆ, ಬೆಳೆಯ ಅವಧಿ, ಕಾಯಿಯೊಳಗಿನ ಒಡಕು ಈ ಮೂರೂ ಪ್ರಶ್ನೆಗಳ ಸ್ವರೂಪ ಬದಲಾಗುತ್ತಿತ್ತು. ಈ ಪ್ರಸಂಗದಲ್ಲಿ ನಾವು ಕಳೆದುಕೊಂಡದ್ದರ ಅಂದಾಜು ಸರಿಯಾಗಿ ನಡೆದಿಲ್ಲ.

ಬಿಟಿ ಬದನೆಯ ಕಥೆ ಬೇರೆಯೇ ಲೇಖನವನ್ನು ಬೇಡುತ್ತದೆ. ಅದೇ ಕ್ರೈ-1ಎಸಿ ವಂಶವಾಹಿಯನ್ನು ಧಾರವಾಡದಲ್ಲಿ ಉಡುಪಿಯ ಗುಳ್ಳ ಸೇರಿದಂತೆ ಸ್ಥಳೀಯ ತಳಿಗಳಿಗೆ ಸೇರಿಸಲಾಗಿತ್ತು. 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರ ಅದಕ್ಕೆ ತಡೆಯೊಡ್ಡಿತು; 2013ರಲ್ಲಿ ಬಾಂಗ್ಲಾದೇಶ ತನ್ನ ಬಿಟಿ ಬದನೆ ತಳಿಗಳಿಗೆ ಅನುಮತಿ ನೀಡಿತು. ಬದನೆಯಲ್ಲಿಯೂ ಕಾಯಿಕೊರಕ ಕಾಯಿಯ ಒಳಗೇ ಇರುತ್ತದೆ, ಮತ್ತು ಅದು ಹೆಚ್ಚಾಗಿ ಬದನೆಯನ್ನೇ ನಂಬಿದೆ. ಹತ್ತಿಯಲ್ಲಿ ಕಲಿತ ಲೆಕ್ಕ ಅಲ್ಲಿಗೂ ಅನ್ವಯಿಸುತ್ತದೆ.

ಇಂದು ಹತ್ತಿಯ ಸೀಮೆಯಲ್ಲಿ ಕೃಷಿ ವಿಜ್ಞಾನಿಗಳು ಕೊಡುತ್ತಿರುವ ಸಲಹೆಗಳಲ್ಲಿ ತಳಿ ತಂತ್ರಜ್ಞಾನದ ಮಾತು ಕಡಿಮೆ. ಅಲ್ಪಾವಧಿ ತಳಿಗಳನ್ನು ಒತ್ತಾಗಿ ಬಿತ್ತುವುದು, ಮೋಹಕ ಬಲೆಗಳಲ್ಲಿ ಬಿದ್ದ ಪತಂಗಗಳನ್ನು ಎಣಿಸುವುದು, ಡಿಸೆಂಬರಿನೊಳಗೆ ಬೆಳೆಯನ್ನು ಮುಗಿಸುವುದು, ಕಾಯಿ ಉಳಿದ ಹತ್ತಿಕಟ್ಟಿಗೆಯನ್ನು ಹೊಲದಲ್ಲಿ ಬಿಡದಿರುವುದು. ಕೊನೆಯ ಸಲಹೆ ಎಲ್ಲಕ್ಕಿಂತ ಕಠಿಣವಾದುದು. ಉತ್ತರ ಕರ್ನಾಟಕದ ಊರುಗಳಲ್ಲಿ ಹತ್ತಿಕಟ್ಟಿಗೆ ಒಲೆಯ ಸೌದೆ. ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಅದನ್ನು ಒಟ್ಟಿ ಇಡುತ್ತಾರೆ. ಒಣಗಿದ ಕಾಯಿಯೊಳಗಿನ ಜೋಡುಬೀಜಗಳ ನಡುವೆ ಗುಲಾಬಿ ಹುಳು ಸುಪ್ತಾವಸ್ಥೆಯಲ್ಲಿ ಬೇಸಗೆಯನ್ನು ಕಳೆದು, ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಪತಂಗವಾಗಿ ಹೊರಬರುತ್ತದೆ.